ಹೂಳೆತ್ತುವ ಮುನ್ನ ಹೂಳನ್ನು ಓದಬೇಕು

ಬೀದರಿನ ನೌಬಾದ್ ಕಡೆ ಹೊಲಗಳಲ್ಲಿ ನಡೆದರೆ ಬಾವಿಗಳು ಒಂದರ ಹಿಂದೊಂದು ಸಾಲಾಗಿ ಸಿಗುತ್ತವೆ. ಅವು ಸುರಂಗ ಬಾವಿಯ, ಅಂದರೆ ಕಾರೇಜಿನ, ಬಾಯಿಗಳು. ಇರಾನಿನ ಈ ವಿದ್ಯೆ ಬಹಮನಿಯರ ಕಾಲದಲ್ಲಿ ಇಲ್ಲಿಗೆ ಬಂತು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಮೇಲೆ. ತೂತುತೂತಾದ ಆ ಕೆಂಪು ಕಲ್ಲು ಮಳೆನೀರನ್ನು ಕುಡಿಯುತ್ತದೆ, ಅಡಿಯ ಕರಿಕಲ್ಲು ಅದನ್ನು ತಡೆಯುತ್ತದೆ. ನಡುವೆ ಜಿನುಗುವ ನೀರನ್ನು ತುಸುವೇ ಇಳಿಜಾರಿನ ಸುರಂಗ ಊರಿಗೆ ತರುತ್ತಿತ್ತು.

ಇಂಥ ಕಾಲುವೆಯಲ್ಲಿ ಮತ್ತೆ ನೀರು ಹರಿಯಬೇಕೆಂಬ ಆಸೆ ನನಗೂ ಇದೆ. ಆದರೆ ಹೂಳನ್ನು ಬರೀ ಕೆಸರೆಂದು ಟ್ರ್ಯಾಕ್ಟರಿಗೆ ತುಂಬಿ ಕಳಿಸಿದರೆ ಅದರೊಳಗಿನ ಚರಿತ್ರೆಯೂ ಹೋಗುತ್ತದೆ. ಹೂಳು ಪದರಪದರವಾಗಿ ಕೂರುತ್ತದೆ. ಕೆಳಗಿನ ಪದರದ ಮಡಕೆ ಚೂರು ಹಳೆಯದು, ಮೇಲಿನದು ಹೊಸದು. ಕಲಸಿದ ಮೇಲೆ ಆ ಲೆಕ್ಕ ಮತ್ತೆ ಸಿಗದು.

ಹಾಗಾಗಿ ಮೊದಲ ಕೆಲಸ ಹಳೆಯ ನಕ್ಷೆ ನೋಡುವುದು, ನೇಗಿಲು ಎಲ್ಲಿ ಕುಸಿಯುತ್ತದೆಂದು ಹೊಲದವರನ್ನು ಕೇಳುವುದು. ಆಮೇಲೆ ಅಲ್ಲಲ್ಲಿ ಸಣ್ಣ ಗುಂಡಿ ತೋಡಿ ಪದರಗಳನ್ನು ಬರೆದುಕೊಳ್ಳಬೇಕು.

ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಬಾವಿಬಾಯಿಯ ಸುತ್ತಲಿನ ದಿಬ್ಬ. ಸುರಂಗ ಕೊರೆದವರು ಮೇಲೆತ್ತಿದ ಮಣ್ಣನ್ನು ಅಲ್ಲೇ ಸುರಿಯುತ್ತಿದ್ದರು. ದಿಬ್ಬದಡಿ ಮುಚ್ಚಿಹೋದದ್ದು ಅವತ್ತಿನ ನೆಲ. ಅದರಲ್ಲಿ ಇದ್ದಿಲ ಚೂರು ಸಿಕ್ಕರೆ ಅದರ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ಪರೀಕ್ಷೆ ಮಾಡಬಹುದು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನವೂ ಇದೆ; ಆದರೆ ಆ ಮಾದರಿಯನ್ನು ಬೆಳಕು ತಾಗದಂತೆ ಕೊಳವೆಯಲ್ಲಿ ತೆಗೆಯಬೇಕು. ಸುರಂಗ ಯಾವಾಗ ತೋಡಿದ್ದು ಎಂಬುದಕ್ಕೆ ಶಾಸನವಿಲ್ಲದ ಕಡೆ ಇದೇ ಸಾಕ್ಷಿ. ಉಳುಮೆಗೆ ಅಡ್ಡವೆಂದು ಮೊದಲು ನೆಲಸಮವಾಗುವುದೂ ಇದೇ ದಿಬ್ಬ, ಅದೇ ನನ್ನ ಸಂಕಟ.

ಮಣ್ಣಿನಡಿ ಏನಿರಬಹುದೆಂದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಹೂಳುಮಣ್ಣಿನ ಕೆಳಗೆ ಸುಣ್ಣಕಲ್ಲಿನ ಕೈಕೊಡಲಿ ತಯಾರಿಸುತ್ತಿದ್ದ ಆದಿಮಾನವರ ನೆಲೆ ಸಿಕ್ಕಿತು. ಅಲ್ಲಿನ ಪ್ರಾಣಿಹಲ್ಲುಗಳ ಪರೀಕ್ಷೆ ಸುಮಾರು 12 ಲಕ್ಷ ವರ್ಷದ ಲೆಕ್ಕ ಕೊಟ್ಟಿತು.

ಈ ಪರಿಶೀಲನೆ ನೀರಿನ ಕೆಲಸಕ್ಕೂ ಬೇಕು. ಗೋಡೆಯ ಮೇಲಿನ ಹಳೆಯ ನೀರಿನ ಗೆರೆಯಿಂದ ಹರಿವಿನ ಮಟ್ಟ ತಿಳಿಯುತ್ತದೆ, ಹಳೆಯ ರಿಪೇರಿಯ ಗುರುತಿನಿಂದ ಚಾವಣಿ ಎಲ್ಲಿ ದುರ್ಬಲವೆಂದು ತಿಳಿಯುತ್ತದೆ. ಅಂಥ ಕಡೆ ಜೆಸಿಬಿ ಬೇಡ, ಕೈಗುದ್ದಲಿಯೇ ಇಳಿಯಲಿ.