ಕೌಬಾಯ್ ನಾಯಕ ಕೆಟ್ಟಿದ್ದು ಯಾವಾಗ?

ಕೌಬಾಯ್ ಚಿತ್ರಗಳ ನಾಯಕ ಮೊದಲು ಅಪ್ಪಟ ಸಂಭಾವಿತನಾಗಿದ್ದ, 1964ರಲ್ಲಿ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ಬಂದು ಕ್ಲಿಂಟ್ ಈಸ್ಟ್‌ವುಡ್ ಬಾಯಿಗೆ ಚುಟ್ಟಾ ಇಟ್ಟ ಮೇಲೆ ಕೆಟ್ಟ ಎಂಬ ಮಾತಿದೆ. ಕಥೆ ಅಷ್ಟು ಸಲೀಸಲ್ಲ.

1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ಯಿಂದ ಮೂರು ದಶಕ ಕುದುರೆ, ಧೂಳು, ಗುಂಡಿನ ಸದ್ದಿನಲ್ಲೇ ಕಳೆಯಿತು. 1934ರಿಂದ ಹಾಲಿವುಡ್ ತನ್ನ ಪ್ರೊಡಕ್ಷನ್ ಕೋಡನ್ನು, ಅಂದರೆ ತೆರೆಯ ಮೇಲೆ ಏನಿರಬಹುದು, ಏನಿರಬಾರದು ಎಂಬ ನಿಯಮಾವಳಿಯನ್ನು ಬಿಗಿಯಾಗಿ ಜಾರಿಗೆ ತಂದಿತು. ಪ್ರೇಕ್ಷಕರ ಮನಸ್ಸು ಅಪರಾಧದ ಕಡೆ ವಾಲಬಾರದು, ಈ ಕಾಲದ ಕಥೆಯಲ್ಲಿ ಸೇಡನ್ನು ಸಮರ್ಥಿಸಬಾರದು. ನಾಗರಿಕತೆ ಬಲಿಯದ ಕಾಲದ ಕಥೆಯಾದರೆ ಮಾತ್ರ ಒಂದಿಷ್ಟು ರಿಯಾಯಿತಿ. ವೆಸ್ಟರ್ನ್ ಎನ್ನುವ ಈ ಕೌಬಾಯ್ ಚಿತ್ರ ನುಸುಳಿದ್ದು ಈ ಕಿಂಡಿಯಲ್ಲೇ ಇರಬೇಕು. 1939ರ ‘ಸ್ಟೇಜ್‌ಕೋಚ್’ನಲ್ಲಿ ಜೈಲಿನಿಂದ ತಪ್ಪಿಸಿಕೊಂಡ ರಿಂಗೋ ಕಿಡ್ ಸೇಡು ತೀರಿಸಿಕೊಂಡ ಮೇಲೆ ಕಾನೂನು ಕಾಯುವ ಮಾರ್ಷಲ್ಲೇ ನಿಂತು ಅವನನ್ನು ಬೀಳ್ಕೊಡುತ್ತಾನೆ.

ನಿಜವಾದ ಕಲಸುಮೇಲೋಗರ ಐವತ್ತರ ದಶಕದ್ದು. ಪಕ್ಕದ ಮನೆಯ ಸಜ್ಜನನಂತಿದ್ದ ಜೇಮ್ಸ್ ಸ್ಟುವರ್ಟ್‌ನನ್ನು ನಿರ್ದೇಶಕ ಆಂಥೊನಿ ಮಾನ್ ಐದು ವೆಸ್ಟರ್ನ್‌ಗಳಲ್ಲಿ ಹಿಂಡಿ ಹಾಕಿದರು. ‘ದಿ ನೇಕೆಡ್ ಸ್ಪರ್’ನಲ್ಲಿ (1953) ಅವನು 5,000 ಡಾಲರ್ ಬಹುಮಾನಕ್ಕಾಗಿ ಮನುಷ್ಯನನ್ನು ಬೇಟೆಯಾಡುವವನು. ಕೊನೆಗೆ ಹೆಣವನ್ನು ಹೊಳೆಯಿಂದ ಎಳೆದು, ಅಳುತ್ತಲೇ ಅದನ್ನು ಹೂಳಲು ಹೊರಡುತ್ತಾನೆ. ಇಂಥ ಅಳು ಲಿಯೋನೆಯ ನಾಯಕರಿಗೆ ಬರುವುದಿಲ್ಲ. ನನಗೇನೋ ಇದೇ ಹೆಚ್ಚು ದಿಟ್ಟ ಅನ್ನಿಸುತ್ತದೆ.

ಇನ್ನು 1956ರ ‘ದಿ ಸರ್ಚರ್ಸ್’. ಜಾನ್ ಫೋರ್ಡ್ ನಿರ್ದೇಶನ, ಜಾನ್ ವೇಯ್ನ್ ನಾಯಕ. ಈಥನ್ ಎಂಬ ಅವನ ಪಾತ್ರ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವನಾದ, ಸತ್ತ ಕೋಮಾಂಚಿಯ ಕಣ್ಣಿಗೂ ಗುಂಡು ಹೊಡೆಯುತ್ತದೆ, ಪರಲೋಕದ ದಾರಿಯೂ ಅವನಿಗೆ ಕಾಣದಿರಲಿ ಎಂದು. ಅಪಹರಣವಾದ ಸೋದರನ ಮಗಳನ್ನು ವರ್ಷಗಟ್ಟಲೆ ಹುಡುಕುವುದು ಕರೆತರಲಿಕ್ಕೋ ಕೊಲ್ಲಲಿಕ್ಕೋ? ಸಿಕ್ಕಾಗ ಎತ್ತಿಕೊಂಡು ‘ಮನೆಗೆ ಹೋಗೋಣ’ ಎನ್ನುತ್ತಾನೆ. ಮನಸ್ಸು ಬದಲಾಗಿದ್ದೇಕೆಂದು ಚಿತ್ರ ಬಾಯಿ ಬಿಡುವುದಿಲ್ಲ. ಆದರೆ ಇಂಥ ಒಳತೋಟಿಯೆಲ್ಲ ಬಿಳಿಯರ ಪಾಲಿಗೇ. ತನ್ನ ಮಕ್ಕಳನ್ನು ಬಿಳಿಯರು ಕೊಂದರೆಂಬ ಕೋಮಾಂಚಿ ನಾಯಕನ ನೋವಿಗೆ ಸಿಕ್ಕಿದ್ದು ಒಂದೆರಡು ಮಾತು. ಆ ಪಾತ್ರ ಮಾಡಿದ್ದೂ ಜರ್ಮನಿಯಲ್ಲಿ ಹುಟ್ಟಿದ ನಟ.

1968ರಲ್ಲಿ ಕೋಡ್ ಹೋಗಿ, ಯಾವ ವಯಸ್ಸಿನವರು ನೋಡಬಹುದೆಂದು ಹೇಳುವ ರೇಟಿಂಗ್ ಬಂತು, ಮರುವರ್ಷವೇ ‘ದಿ ವೈಲ್ಡ್ ಬಂಚ್’ ರಕ್ತದ ಹೊಳೆ ಹರಿಸಿತು. ಹಳೆಯ ಕೊಲೆಗಡುಕನೇ ನಾಯಕನಾದ 1992ರ ‘ಅನ್‌ಫರ್ಗಿವನ್’ಗೆ ಆಸ್ಕರ್ ಕೂಡ ಬಂತು.

ಈ ಗಾಳಿ ನಮ್ಮ ರಾಮನಗರದ ಬಂಡೆಗಳಿಗೂ ಬೀಸಿದ್ದುಂಟು. ಅಲ್ಲಿ ಚಿತ್ರೀಕರಿಸಿದ ‘ಶೋಲೆ’ಯ (1975) ನಾಯಕರು ಕಳ್ಳರೇ. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಠಾಕೂರ್ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ಬದಲಾದ ಅಂತ್ಯದಲ್ಲಿ ಪೊಲೀಸರು ಬಂದು ತಡೆಯಬೇಕಾಯಿತು.