ಡ್ಯೂಟಿ ಕಟ್ಟಿದರೆ ಗ್ಯಾಸ್ ಬಿಡುತ್ತಾರೆಯೇ?

“ಡ್ಯೂಟಿ ಎಷ್ಟಾದರೂ ಕಟ್ಟುವ ಮಾರಾಯ್ರೆ, ಮಾಲು ಬಿಡಿಸಿ ಕೊಡಿ.” ಉಪ್ಪಳ, ಕುಂಬಳೆ, ಕಾಸರಗೋಡಿನ ಏಸಿ ಅಂಗಡಿಯವರು, ಆಮದು ಸುಂಕ (ಡ್ಯೂಟಿ) ಕಟ್ಟಿಸಿ ಮಾಲು ಬಿಡಿಸಿಕೊಡುವ ಕಸ್ಟಮ್ಸ್ ಬ್ರೋಕರ್ ಹತ್ತಿರ ಬರುವುದೇ ಈ ಮಾತು ಹಿಡಿದುಕೊಂಡು. ಅಷ್ಟರಲ್ಲಿ ಕಂಟೇನರ್ ಕೊಚ್ಚಿಯ ವಲ್ಲಾರ್ಪಾಡಂ ಬಂದರಿನಲ್ಲೋ ಮಂಗಳೂರಿನ ಪಣಂಬೂರು ಬಂದರಿನಲ್ಲೋ ಇಳಿದಾಗಿರುತ್ತದೆ. ದುಬೈಯಲ್ಲಿರುವ ಭಾವನ ಪರಿಚಯದವರು ಏಸಿಗೆ ತುಂಬಿಸುವ ಆರ್-22 ಎಂಬ ಗ್ಯಾಸ್ ಅಗ್ಗಕ್ಕೆ ಕಳಿಸಿರುತ್ತಾರೆ. ಇನ್‌ವಾಯ್ಸ್‌ನಲ್ಲಿ ಇರುವುದು ‘ಕೂಲಿಂಗ್ ಗ್ಯಾಸ್’ ಎಂದಷ್ಟೇ.

ಡ್ಯೂಟಿ ಬೇರೆ, ತರುವ ಅನುಮತಿ ಬೇರೆ. ಡ್ಯೂಟಿ ಕಟ್ಟುವುದು ತರಬಹುದಾದ ಮಾಲಿಗೆ. ಆರ್-22 ಓಝೋನ್ ಪದರವನ್ನು ಕೆಡಿಸುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2030ರೊಳಗೆ ಅದನ್ನು ಬಹುಪಾಲು ನಿಲ್ಲಿಸಬೇಕು, ಹಳೆ ಯಂತ್ರಗಳ ರಿಪೇರಿಗೆ ಮಾತ್ರ ಸ್ವಲ್ಪ ಉಳಿಯುತ್ತದೆ. ಸರಕು ಕಡಿಮೆಯಾದಂತೆ ರೇಟು ಏರುತ್ತದೆ, ಕಳ್ಳಮಾಲಿಗೆ ದಾರಿ ಆಗುವುದೂ ಅಲ್ಲೇ. ಹಾಗಾಗಿ ಇದನ್ನು ತರಲು ಆಮದು-ರಫ್ತು ನೋಡಿಕೊಳ್ಳುವ ಕೇಂದ್ರ ಇಲಾಖೆಯ, ಅಂದರೆ ಡಿಜಿಎಫ್‌ಟಿ ಲೈಸೆನ್ಸ್ ಬೇಕು. ತುಂಬಿದ ಸಿಲಿಂಡರಿಗೆ ನಾಗಪುರದಲ್ಲಿರುವ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊದ ಅನುಮತಿಯೂ ಬೇಕು.

ಇದು ಕಾಗದದ ತಕರಾರು, ಸರಿಮಾಡಬಹುದು ಎಂದು ಅನೇಕರು ತಿಳಿದಿದ್ದಾರೆ. 1962ರ ಕಸ್ಟಮ್ಸ್ ಕಾಯ್ದೆಯ ಕಲಂ 2(33) ನೋಡಿ: ಷರತ್ತು ಪೂರೈಸದೆ ತಂದ ಮಾಲೂ ನಿಷೇಧಿತ ಮಾಲೇ. 111(ಡಿ) ಪ್ರಕಾರ ಮುಟ್ಟುಗೋಲು, 112ರಂತೆ ದಂಡ. “125ರಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದಲ್ಲ?” ಎಂದು ಸ್ವಲ್ಪ ಓದಿಕೊಂಡವರು ಕೇಳುತ್ತಾರೆ. ಬೇರೆ ಮಾಲಿಗೆ ಆ ಅವಕಾಶ ಕೊಡಲೇಬೇಕು. ನಿಷೇಧಿತ ಮಾಲಿಗೆ ಕೊಡುವುದು, ಬಿಡುವುದು ಅಧಿಕಾರಿಯ ವಿವೇಚನೆ. ಅದನ್ನು ನಂಬಿ ಅಡ್ವಾನ್ಸ್ ಕಳಿಸುವುದು ಜೂಜು. ಎಷ್ಟು ಸಲ ಹೇಳಿದರೂ ಮರುದಿನ ಮತ್ತೊಬ್ಬರು ಅದೇ ಪ್ರಶ್ನೆ ತರುತ್ತಾರೆ.

ಇನ್ನು ಕೆಲವರದು ಬೇರೆ ಜಾಣತನ. ಕಸ್ಟಮ್ಸ್ ಕಚೇರಿಗೆ ಕೊಡುವ ಆಮದು ಘೋಷಣೆಯಲ್ಲಿ (ಬಿಲ್ ಆಫ್ ಎಂಟ್ರಿ) ಓಝೋನ್ ಕೆಡಿಸದ ಬೇರೆ ಗ್ಯಾಸಾದ ಆರ್-134ಎ ಎಂದು ಬರೆಸುತ್ತಾರೆ. (ಅದನ್ನು ಮನಸ್ಸಿಗೆ ಬಂದಂತೆ ತರಬಹುದು ಎಂದು ಇದರ ಅರ್ಥವಲ್ಲ.) ಕಂಟೇನರ್ ಬಾಗಿಲ ಹತ್ತಿರ ಎರಡು ಸಾಲು 134ಎ ಗ್ಯಾಸಿನ ತಿಳಿನೀಲಿ ಸಿಲಿಂಡರ್, ಹಿಂದೆ ಇರುವುದೇ ಬೇರೆ. ತಪಾಸಣೆಗೆ ಬಂದವರು ಹಿಂದಿನ ಸಾಲಿನಿಂದಲೇ ತೆಗೆಸುತ್ತಾರೆ. ಬಣ್ಣವನ್ನು ಯಾರೂ ನಂಬುವುದಿಲ್ಲ, ಪೇಂಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಿಲಿಂಡರನ್ನು ನೆರಳಲ್ಲಿಟ್ಟು, ಅದರ ಮೈ ತಾಪಮಾನ ಅಳೆದು, ಒತ್ತಡ ಅಳೆಯುವ ಗೇಜ್ ಹಾಕುತ್ತಾರೆ. 30 ಡಿಗ್ರಿಯಲ್ಲಿ 134ಎ ಸುಮಾರು 97 ಪಿಎಸ್‌ಐ ತೋರಿಸಬೇಕು. 158ರ ಹತ್ತಿರ ನಿಂತರೆ ಒಳಗೆ ಆರ್-22 ಎಂಬ ಸಂಶಯ. ಬಿಸಿಲಲ್ಲಿ ಕಾದ ಸಿಲಿಂಡರಿಗೆ ಗೇಜ್ ಹಾಕಿದರೆ ಲೆಕ್ಕ ತಪ್ಪುತ್ತದೆ, ಒಳಗೆ ಗಾಳಿ ಸೇರಿದ್ದರೂ ತಪ್ಪುತ್ತದೆ. 2010ರಲ್ಲಿ ನಿಂತ ಹಳೆ ಗ್ಯಾಸ್ ಆರ್-12 ಮಾತ್ರ 93ರ ಸುತ್ತ ಇರುವುದರಿಂದ ಗೇಜಿನಲ್ಲಿ 134ಎ ಹಾಗೆಯೇ ಕಾಣುತ್ತದೆ. ಅದನ್ನು ಹಿಡಿಯಲು ಗ್ಯಾಸ್ ಐಡೆಂಟಿಫೈಯರ್ ಯಂತ್ರ ಬೇಕು. ಬೆರಕೆ ಗ್ಯಾಸಿಗೆ ಅದೂ ಸೋಲುವುದುಂಟು, ಕೊನೆಯ ಮಾತು ಲ್ಯಾಬಿನದು.

ಬೆರಕೆ ಎಂದರೆ ಸಣ್ಣ ಮೋಸ ಅಲ್ಲ. ನಕಲಿ 134ಎ ಗ್ಯಾಸಿನಲ್ಲಿ ಮಿಥೈಲ್ ಕ್ಲೋರೈಡ್ ಸೇರಿಸುತ್ತಾರೆ. ಅದು ಕಂಪ್ರೆಸರಿನ ಅಲ್ಯೂಮಿನಿಯಂ ಜೊತೆ ಕೂಡಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತು ಆಗುತ್ತದೆ. 2011ರಲ್ಲಿ ತಂಪು ಮಾಲು ಸಾಗಿಸುವ ರೀಫರ್ ಕಂಟೇನರ್‌ಗಳು ಸ್ಫೋಟಿಸಿ ಕೆಲಸಗಾರರು ಸತ್ತದ್ದು ಇಂಥ ಗ್ಯಾಸಿನಿಂದಲೇ. ಏಸಿ ಬಿಚ್ಚಿ ಗ್ಯಾಸ್ ತುಂಬಿಸುವುದು ನಿಮ್ಮ ಅಂಗಡಿಯ ಹುಡುಗ ಎಂಬುದು ನೆನಪಿರಲಿ. ಗ್ಯಾಸ್ ತುಂಬಿದ ಏಸಿಯನ್ನು ತರಿಸುವವರಿಗೂ ಇದೇ ಮಾತು, 2020ರ ಅಕ್ಟೋಬರ್‌ನಲ್ಲಿ ಅದರ ಆಮದನ್ನು ನಿಷೇಧಿಸಿದ್ದಾರೆ.

ಅಧಿಸೂಚನೆಗಳು ಬದಲಾಗುತ್ತಿರುತ್ತವೆ, ಆ ದಿನದ್ದನ್ನು ನೋಡಿಯೇ ಉತ್ತರ ಹೇಳಬೇಕು. ಆದರೆ ಹಣ ಕಳಿಸುವ ಮೊದಲು ಮಾರುವವನಿಂದ, ರಾಸಾಯನಿಕವನ್ನು ಗುರುತಿಸುವ ಸಿಎಎಸ್ ಸಂಖ್ಯೆಯನ್ನು ಬರಹದಲ್ಲಿ ತರಿಸಿಕೊಳ್ಳಿ. 75-45-6 ಎಂದರೆ ಆರ್-22, ಸುಂಕದ ಪಟ್ಟಿಯಲ್ಲಿ ಅದರ ಎಚ್‌ಎಸ್ ಕೋಡ್ 2903.71. 811-97-2 ಎಂದರೆ 134ಎ. ಕೊಡಲು ಹಿಂಜರಿದರೆ ವ್ಯಾಪಾರ ಬಿಡಿ. ಅಡ್ವಾನ್ಸ್ ಹೋಗಿಯಾಗಿದ್ದರೆ ಹಡಗು ಹೊರಡುವ ಮೊದಲೇ ಬ್ರೋಕರಿಗೆ ಕಾಗದಪತ್ರ ತೋರಿಸಿ. ಮಾಲು ಇಳಿದ ಮೇಲೆ ದಿನಕ್ಕಿಷ್ಟು ಎಂದು ಬಂದರಿನಲ್ಲಿ ಮಾಲು ನಿಂತದ್ದಕ್ಕೆ ಬಾಡಿಗೆ (ಡೆಮರೇಜ್) ಓಡುತ್ತದೆ, ವಾಪಸ್ ಕಳಿಸಲೂ ಅಧಿಕಾರಿಯ ಒಪ್ಪಿಗೆ ಬೇಕಾಗುತ್ತದೆ.