ದಿನ ಬಿಟ್ಟು ದಿನದ ಮಾತ್ರೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕೆಲಸ ಮುಗಿಯುತ್ತಿದ್ದಂತೆ ನನ್ನ ಔಷಧದ ಅಂಗಡಿಯಲ್ಲಿ ಕತ್ತರಿಗೆ ಕೆಲಸ ಹೆಚ್ಚುತ್ತದೆ. ತಿಂಗಳಿಗೆಂದು ಮೂರು ಸ್ಟ್ರಿಪ್ ಒಯ್ಯುತ್ತಿದ್ದವರು ‘ಸದ್ಯಕ್ಕೆ ಹತ್ತು ಕೊಡಿ’ ಎನ್ನುತ್ತಾರೆ. ಕೆಲವರಿಗೆ ಐದೇ ಸಾಕು. ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಅವಧಿ ಮುಗಿಯುವ ದಿನಾಂಕ ಯಾರ ಪಾಲಿಗೆ ಹೋಯಿತು ಎಂಬುದು ಬೇರೆಯೇ ತಲೆನೋವು. ಕಡಿಮೆ ಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಅದನ್ನು ವೈದ್ಯರೆದುರು ಮುಚ್ಚಿಡುವುದನ್ನು ಕಂಡಾಗ ಮಾತ್ರ ತಾಳ್ಮೆ ಕೆಡುತ್ತದೆ.

ಅಡಿಕೆ ಸುಲಿಯುವ ಒಬ್ಬ ತಾಯಿಗೆ ಬಿ.ಪಿ.ಗೆಂದು ಆಮ್ಲೋಡಿಪಿನ್ 5 ಮಿ.ಗ್ರಾಂ. ಬರೆದಿದ್ದರು. ಕೂಲಿಯಿಲ್ಲದ ಬೇಸಿಗೆಯಲ್ಲಿ ಅವರು ಅದನ್ನು ದಿನ ಬಿಟ್ಟು ದಿನ ನುಂಗಿದರು. ಬಿ.ಪಿ. ಏರಿದ್ದನ್ನು ಕಂಡ ವೈದ್ಯರು ‘ಮಾತ್ರೆ ತಪ್ಪಿಸಿಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂದರು. ಹಾಗಾದರೆ 5 ಸಾಲುತ್ತಿಲ್ಲವೆಂದು ವೈದ್ಯರು 10 ಮಾಡಿದರು; ಅವರು ಬೇರೇನು ಮಾಡಿಯಾರು? ಮತ್ತೆ ಸುಗ್ಗಿ ಬಂದು ಕೈಯಲ್ಲಿ ಕಾಸಾಡಿದಾಗ ಆ ತಾಯಿ 10ನ್ನು ದಿನವೂ ನುಂಗತೊಡಗಿದರು. ಕೆಲವೇ ವಾರಗಳಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ತಲೆಸುತ್ತು ಎಂದಾಗ ನೋಡಿದೆ: ಪಾದ ಊದಿ, ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. ಆಮ್ಲೋಡಿಪಿನ್ ಪ್ರಮಾಣ ಹೆಚ್ಚಿದಾಗ ಹೀಗೆ ಪಾದ ಊದುವುದುಂಟು. ಆದರೂ ಊತಕ್ಕೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರ ಬಳಿಗೇ ಕಳುಹಿಸಿದೆ, ನಿಜ ಹೇಳಿ ಎಂದು ಗದರಿಸಿಯೇ.

ಇದನ್ನೇ ಮತ್ತೆ ಮತ್ತೆ ಹೇಳಬೇಕಾಗಿದೆ: ವೈದ್ಯರು ಪ್ರಮಾಣವನ್ನು ನಿರ್ಧರಿಸುವುದು ನೀವು ನುಂಗಿದ್ದೀರೆಂದು ಹೇಳಿದ ಲೆಕ್ಕದ ಮೇಲೆ. ಲೆಕ್ಕ ಸುಳ್ಳಾದರೆ ಪ್ರಮಾಣವೂ ಸುಳ್ಳಾಗುತ್ತದೆ.

ಊಟದ ಹೊತ್ತಿನ ಕಥೆಯೂ ಇದೇ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್ ನುಂಗಿ ಖಾಲಿ ಹೊಟ್ಟೆಯಲ್ಲಿ ತೋಟಕ್ಕೆ ಹೋದವರಿಗೆ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು. ಆದ್ದರಿಂದ ‘ಮೊದಲ ತುತ್ತು ಎಷ್ಟು ಹೊತ್ತಿಗೆ?’ ಎಂದು ಕೇಳುತ್ತೇನೆ. ಕೆಲವರಿಗೆ ಅದು ಅಧಿಕಪ್ರಸಂಗವೆನಿಸುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದನ್ನು ನಮ್ಮ ಕೆಲಸವೆಂದೇ ಪರಿಗಣಿಸಿವೆ.

ದುಡ್ಡಿಲ್ಲವೆಂದು ನನ್ನ ಕಿವಿಯಲ್ಲಾದರೂ ಹೇಳಿ. ಚೀಟಿಯಲ್ಲಿದ್ದ ಕಂಪನಿಯ ಮಾತ್ರೆಯನ್ನು ನಾನಾಗಿಯೇ ಬದಲಿಸುವಂತಿಲ್ಲ, ಆದರೆ ಜೆನೆರಿಕ್ ಹೆಸರಿನಲ್ಲಿ, ಅಂದರೆ ಕಂಪನಿಯ ಹೆಸರಿಲ್ಲದೆ ಔಷಧದ ಮೂಲ ಹೆಸರಿನಲ್ಲಿ, ಬರೆಸಿಕೊಂಡು ಬಂದರೆ ಜನೌಷಧಿ ಕೇಂದ್ರದಲ್ಲಿ ಅದೇ ಮಾತ್ರೆ ಬಹಳ ಅಗ್ಗಕ್ಕೆ ಸಿಗುತ್ತದೆ, ಬಿ.ಪಿ., ಸಕ್ಕರೆಯ ಸಾಮಾನ್ಯ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಕೊಡುತ್ತಾರೆ. ನನ್ನ ವ್ಯಾಪಾರ ಹೋಗುತ್ತದೆ, ನಿಜ. ಆ ತಾಯಿ ಈಗ ಮಾತ್ರೆಯನ್ನು ಅಲ್ಲಿಂದಲೇ ತರುತ್ತಾರೆ. ನಮ್ಮಲ್ಲಿಗೆ ಬರುವುದು ಬಿ.ಪಿ. ನೋಡಿಸಿಕೊಳ್ಳಲು, ಜೊತೆಗೆ ಸೊಸೆಯ ಮೇಲೆ ಚಾಡಿ ಹೇಳಲು.